ಚಾಮುಂಡಿ ಬೆಟ್ಟಕ್ಕೆ ಭಾನುವಾರ ಕಾರು, ಬೈಕು ಬಿಡಬೇಕಾ?

ಮಂಜುಳಾ: ಆಷಾಢ ಶುಕ್ರವಾರ ಲಲಿತಮಹಲ್ ಹೆಲಿಪ್ಯಾಡ್ ಮೈದಾನದಲ್ಲೇ ಗಾಡಿ ನಿಲ್ಲಿಸಿ, ಜನರನ್ನ ಬಸ್ಸಲ್ಲಿ ಬೆಟ್ಟಕ್ಕೆ ಕಳಿಸ್ತಾರೆ. ಅಷ್ಟು ಜನ ದರ್ಶನ ಮಾಡಿ ಇಳಿದು ಬರ್ತಾರೆ. ಇದನ್ನೇ ಪ್ರತಿ ಭಾನುವಾರವೂ ಯಾಕೆ ಮಾಡಬಾರದು?

ರಘು: ಹೇಳೋದು ಸುಲಭ ಮೇಡಂ. ನಮ್ಮಮ್ಮನಿಗೆ ಮಂಡಿನೋವು, ಬಸ್ಸಿನ ಕ್ಯೂನಲ್ಲಿ ಎಷ್ಟು ಹೊತ್ತು ನಿಲ್ತಾರೆ? ರೋಪ್‌ವೇ ಆಗಿದ್ರೆ ಈ ಮಾತೇ ಇರ್ತಿರಲಿಲ್ಲ. 2022ರ ಬಜೆಟ್‌ನಲ್ಲಿ ಘೋಷಣೆಯೂ ಆಗಿತ್ತು. ನಿಮ್ಮಂಥೋರು ವಿರೋಧ ಮಾಡಿ ಕೈಬಿಡಿಸಿದ್ರಿ.

ಮೆಟ್ಟಿಲು ಮಿತ್ರ: ಕೈಬಿಟ್ಟಿದ್ದೇ ಒಳ್ಳೇದಾಯ್ತು. ರೋಪ್‌ವೇ ಅಂದ್ರೆ ಬರೀ ತಂತಿ ಅಲ್ಲ ಸ್ವಾಮಿ. ಕಂಬ, ಮೇಲೊಂದು ನಿಲ್ದಾಣ, ಕೆಳಗೊಂದು, ಅದಕ್ಕೆ ಪಾರ್ಕಿಂಗು, ಅದರ ಸುತ್ತ ಅಂಗಡಿ. ಬೆಟ್ಟ ಮೀಸಲು ಅರಣ್ಯ, ಚಿರತೆ ಓಡಾಡೋ ಜಾಗ. 2021ರ ಅಕ್ಟೋಬರ್ ಮಳೆಗೆ ಇದೇ ಬೆಟ್ಟದ ನಂದಿ ವಿಗ್ರಹದ ಕಡೆ ರಸ್ತೆ ಕುಸಿದಿದ್ದು ಇಷ್ಟು ಬೇಗ ಮರೆತುಹೋಯ್ತಾ? ಮೇಲೆ ಕಾಂಕ್ರೀಟ್ ಹೆಚ್ಚಿದಷ್ಟೂ ನೀರು ಇಂಗಲ್ಲ, ಒಂದೇ ಕಡೆ ನುಗ್ಗುತ್ತೆ.

ರಘು: ಹಾಗಾದ್ರೆ ವಯಸ್ಸಾದೋರು ಸಾವಿರ ಮೆಟ್ಟಿಲು ಹತ್ತಬೇಕಾ?

ಮೆಟ್ಟಿಲು ಮಿತ್ರ: ಹತ್ತಿ ಅಂತ ಯಾರು ಹೇಳಿದ್ರು? ವಯಸ್ಸಾದೋರ, ಅಂಗವಿಕಲರ ಗಾಡಿ ಬಿಡಲಿ. ನಾನು ಹೇಳ್ತಿರೋದು ವ್ಯೂ ಪಾಯಿಂಟಲ್ಲಿ ಹಾಡು ಹಾಕ್ಕೊಂಡು, ಚಿಪ್ಸ್ ಕವರ್ ಕಣಿವೆಗೆ ಎಸೆಯೋ ಬೈಕ್ ಗುಂಪಿನ ಬಗ್ಗೆ. ಆ ಕವರನ್ನ ಕೋತಿ ಎತ್ಕೊಂಡು ಹೋಗಿ ಮರದ ಮೇಲೆ ಕೂತು ನೆಕ್ತಿರುತ್ತೆ.

ಬೆಟ್ಟದೂರಿನವ: ಎಲ್ಲರೂ ಕೆಳಗೆ ಕೂತು ಮಾತಾಡ್ತಿದ್ದೀರ. ಮೇಲೆ ಊರಿದೆ, ನಾವಿದ್ದೀವಿ. ನೆಂಟರು ಬಂದ್ರೆ ಅವರ ಗಾಡಿ ಬಿಡ್ತಾರಾ? ರಾತ್ರಿ ಹೆರಿಗೆ ನೋವು ಬಂದ್ರೆ? ಹೂವು, ಹಣ್ಣುಕಾಯಿ ಮಾರೋರಿಗೆ ಭಾನುವಾರವೇ ವ್ಯಾಪಾರ. ನಮ್ಮನ್ನ ಒಂದು ಮಾತು ಕೇಳದೆ ನಿಯಮ ಮಾಡಬೇಡಿ.

ಮಂಜುಳಾ: ನ್ಯಾಯವಾದ ಮಾತು ಅಣ್ಣ. ಊರಿನವರಿಗೆ ಪಾಸ್ ಕೊಡಲೇಬೇಕು. ಬಸ್ಸಲ್ಲಿ ಬಂದೋರೂ ಹಣ್ಣುಕಾಯಿ ತಗೊಳ್ತಾರೆ, ವ್ಯಾಪಾರ ಎಲ್ಲಿಗೂ ಹೋಗಲ್ಲ. ಹೇಗೂ ಹೆಂಗಸರಿಗೆ ಶಕ್ತಿ ಯೋಜನೇಲಿ ಟಿಕೆಟ್ ಇಲ್ಲ.

ರಘು: ಟಿಕೆಟ್ ಇಲ್ಲ ಸರಿ, ಸೀಟೂ ಇಲ್ಲ! ಮೊದಲು ಭಾನುವಾರ ಬೆಟ್ಟಕ್ಕೆ ಹೋಗೋ 201 ನಂಬರ್ ಬಸ್ಸನ್ನ ಹತ್ತು ನಿಮಿಷಕ್ಕೊಂದು ಬಿಡಿಸಿ. ಆಮೇಲೆ ನನ್ನ ಕಾರಿನ ಕೀ ಕೇಳಿ.