ತೋಟದಲ್ಲಿ ಟೆಂಟ್ ಹಾಕಿ ಎರಡು ರಾತ್ರಿ: ಮಕ್ಕಳ ಜೊತೆ ಹೋದವರು ಅನುಭವ ಹೇಳ್ತೀರಾ?

ಕೇಳಿದವರು, ಮಂಗಳೂರು

ನಾವು ಫ್ಲ್ಯಾಟ್‌ನಲ್ಲಿ ಇರುವವರು. ಮಗಳಿಗೆ ಹತ್ತು ವರ್ಷ, ಮಗನಿಗೆ ಆರು. ಕ್ರಿಸ್ಮಸ್ ರಜೆಯಲ್ಲಿ ಹೆಬ್ರಿ ಹತ್ತಿರ ನಮ್ಮ ಯಜಮಾನರ ಪರಿಚಯದವರ ತೋಟದಲ್ಲಿ ಎರಡು ರಾತ್ರಿ ಟೆಂಟ್ ಹಾಕಿ ಇರೋಣ ಅಂತ ಯೋಚನೆ. ಅಡಿಕೆ, ತೆಂಗು, ಸ್ವಲ್ಪ ಗದ್ದೆ, ನಾಲ್ಕು ದನ ಉಂಟು. ರೆಸಾರ್ಟ್ ಥರ ಏನೂ ಬೇಡ. ಕಟ್ಟಿಗೆ ಒಲೆ, ಬಾವಿ ನೀರು, ರಾತ್ರಿ ಲೈಟ್ ಇಲ್ಲದೆ ಇರೋದು, ಅಷ್ಟೇ. ಟೆಂಟ್ ಎಲ್ಲಿ ಹಾಕೋದು? ಏನು ತಗೊಂಡು ಹೋಗೋದು? ಹಾವಿನ ಭಯ ಎಷ್ಟು? ಮನೆಯವರಿಗೆ ತೊಂದರೆ ಆಗಬಾರದು ಅನ್ನೋದೇ ದೊಡ್ಡ ಚಿಂತೆ.

ಬೆಳ್ತಂಗಡಿ ಕಡೆಯ ಕೃಷಿಕ

ಅಕ್ಕಾ, ನಾನು ತೋಟದವರ ಕಡೆಯಿಂದ ಹೇಳುತ್ತೇನೆ. ನಮ್ಮಲ್ಲಿಗೆ ನೆಂಟರು, ಮಕ್ಕಳ ಸ್ನೇಹಿತರು ಅಂತ ಟೆಂಟ್ ಹಿಡಿದುಕೊಂಡು ಬರುವವರು ವರ್ಷ ವರ್ಷವೂ ಇದ್ದಾರೆ, ಬಂದರೆ ನಮಗೂ ಖುಷಿ. ಮೊದಲು ಒಂದು ಫೋನ್ ಮಾಡಿ. ಜಾಗ ಹೇಗುಂಟು ಅಂತ ಆಮೇಲೆ ಕೇಳಿ. ಆ ಎರಡು ದಿನ ತೋಟದಲ್ಲಿ ಎಂತ ಕೆಲಸ ಉಂಟು ಅಂತ ಮೊದಲು ಕೇಳಿ. ಟೆಂಟ್ ಎಲ್ಲಿ, ಊಟ ಎಷ್ಟು ಹೊತ್ತಿಗೆ, ಸ್ನಾನ ಯಾವಾಗ ಎಲ್ಲ ಅದರ ಮೇಲೆಯೇ ನಿರ್ಧಾರ ಆಗುವುದು.

ಡಿಸೆಂಬರ್ ಅಂದರೆ ಅಡಿಕೆ ಕೊಯ್ಲು. ಅಂಗಳ ತುಂಬ ಅಡಿಕೆ ಹರಡಿರುತ್ತೇವೆ. ಚಾಲಿ, ಅಂದರೆ ಒಣ ಬಿಳಿ ಅಡಿಕೆ, ಆಗಲು ಬಿಸಿಲಲ್ಲಿ 35ರಿಂದ 45 ದಿನ ಒಣಗಬೇಕು. ಅಂಗಳ ಸಮತಟ್ಟಾಗಿದೆ, ಇಲ್ಲೇ ಟೆಂಟ್ ಹಾಕಲಾ ಅಂತ ನೀವು ಕೇಳಿದರೆ ಮನೆಯವರು ಬೇಡ ಅನ್ನಲಿಕ್ಕಿಲ್ಲ. ಬಂದವರಿಗೆ ಇಲ್ಲ ಅಂತ ಹೇಳುವ ಅಭ್ಯಾಸ ನಮ್ಮ ಕಡೆ ಕಡಿಮೆ. ಆದರೆ ಒಣಗಿದ ಅಡಿಕೆ ಒಟ್ಟು ಮಾಡಿ ಬದಿಗೆ ಹಾಕುವುದು, ಪುನಃ ಹರಡುವುದು ಸಣ್ಣ ಕೆಲಸ ಅಲ್ಲ. ಅಂಗಳ ಕೇಳಲೇಬೇಡಿ.

ಅಡಿಕೆ ಮರಗಳ ನಡುವೆಯೂ ಬೇಡ. ಅಷ್ಟು ಹೊತ್ತಿಗೆ ತೋಟಕ್ಕೆ ನೀರು ಬಿಡುವುದು ಶುರುವಾಗಿರುತ್ತದೆ. ತ್ರೀ ಫೇಸ್ ಕರೆಂಟ್ ದಿನವಿಡೀ ಇರುವುದಿಲ್ಲ, ಎಷ್ಟೋ ಕಡೆ ಒಂದು ಪಾಳಿ ರಾತ್ರಿಯೇ ಬರುತ್ತದೆ. ಪಂಪ್‌ಶೆಡ್ಡಿನಲ್ಲಿ ಆಟೋ ಸ್ಟಾರ್ಟರ್ ಇದ್ದರೆ ಕರೆಂಟ್ ಬಂದ ಕೂಡಲೇ ಪಂಪ್ ತಾನೇ ಓಡುತ್ತದೆ. ನಮ್ಮ ನೆಂಟರ ಪೈಕಿ ಒಂದು ಸಂಸಾರ, ತೋರಿಸಿದ ಜಾಗ ಬಿಟ್ಟು ಮರಗಳ ನಡುವೆ ಚೆಂದ ಕಾಣುತ್ತದೆ ಅಂತ ಸಂಜೆ ಟೆಂಟ್ ಒಳಗೆ ಸರಿಸಿದ್ದರು. ರಾತ್ರಿ ಎರಡು ಗಂಟೆಗೆ ಮೊದಲು ಪೈಪಿನೊಳಗಿಂದ ಗಾಳಿ ಬುಸ್ಸೆಂದು ಬಂತು, ಮಕ್ಕಳು ಹಾವು ಅಂತ ಕಿರುಚಿದರು, ಅಷ್ಟರಲ್ಲಿ ಸ್ಪ್ರಿಂಕ್ಲರ್ ಟಕ್ ಟಕ್ ಟಕ್ ಅಂತ ತಿರುಗುತ್ತಾ ಬಂದು ಟೆಂಟಿನ ಮೈಗೆ ನೀರು ಹೊಡೆಯಿತು, ಒಂದು ಸುತ್ತು ಹೋಗಿ ಪುನಃ ಹೊಡೆಯಿತು. ಹಾಸಿಗೆ, ಬಟ್ಟೆ, ಬೆಳಿಗ್ಗೆಗೆ ಅಂತ ಇಟ್ಟ ಕಟ್ಟಿಗೆ ಎಲ್ಲ ಒದ್ದೆ. ಹಾಗಾಗಿ ಸ್ಪ್ರಿಂಕ್ಲರ್ ಎಲ್ಲೆಲ್ಲಿ ಉಂಟು, ನೀರು ಎಷ್ಟು ದೂರ ಹಾರುತ್ತದೆ ಅಂತ ಹಗಲಲ್ಲೇ ತೋರಿಸಿಕೊಳ್ಳಿ.

ಇನ್ನೊಂದು, ತೋಟದೊಳಗಿನ ಕಣಿ. ಸಾಲು ಸಾಲಿನ ನಡುವೆ ಮಳೆನೀರು ಹೋಗಲು ಆಳಕ್ಕೆ ತೆಗೆದಿರುತ್ತಾರೆ. ಮೇಲೆ ಸೋಗೆ, ಹಾಳೆ ಬಿದ್ದು ಮುಚ್ಚಿರುತ್ತದೆ. ಗೊತ್ತಿಲ್ಲದವರು ನೆಲ ಅಂತ ಕಾಲಿಟ್ಟರೆ ಮೊಣಕಾಲುವರೆಗೆ ಒಳಗೆ. ಮಕ್ಕಳು ತೋಟದಲ್ಲಿ ಓಡುವುದು ಬೇಡ. ನಡೆಯಲಿ, ಮನೆಯವರ ಹಿಂದೆ ನಡೆಯಲಿ.

ಹಾಗಾದರೆ ಎಲ್ಲಿ? ಏಣಿಲು (ಮಳೆಗಾಲದ ಭತ್ತ) ಕೊಯ್ಲು ಮುಗಿದು ಖಾಲಿ ಬಿಟ್ಟ ಬೆಟ್ಟು ಗದ್ದೆ, ಅಂದರೆ ಎತ್ತರದ ಗದ್ದೆ, ಇದ್ದರೆ ಅದೇ ಒಳ್ಳೆಯದು. ತಗ್ಗಿನ ಬೈಲು ಗದ್ದೆಯಲ್ಲಿ ಇನ್ನೂ ತೇವ ಇರುತ್ತದೆ, ಸುಗ್ಗಿ ಬೆಳೆ (ಎರಡನೇ ಭತ್ತ) ಹಾಕಿರುವುದೂ ಉಂಟು. ಖಾಲಿ ಅಂತ ಕಂಡರೂ ಒಂದು ಮಾತು ಕೇಳಿ. ಭತ್ತ ಕೊಯ್ದ ಗದ್ದೆಗೆ ಉದ್ದು ಬಿತ್ತುತ್ತಾರೆ, ಮೊಳಕೆ ಬರುವವರೆಗೆ ಅದು ಬರೀ ಮಣ್ಣಿನ ಹಾಗೇ ಕಾಣುತ್ತದೆ. ಗದ್ದೆಯ ಪುಣಿ (ಬದು) ಮೇಲೆ ಎಲ್ಲರೂ ಒಟ್ಟಿಗೆ ನಡೆಯಬೇಡಿ, ಅಂಚು ಜರಿಯುತ್ತದೆ. ಮುರಕಲ್ಲಿನ (ಗಟ್ಟಿ ಕೆಂಪುಕಲ್ಲಿನ) ಜಾಗ ಆದರೆ ಟೆಂಟಿನ ಗೂಟ ಇಳಿಯುವುದೇ ಇಲ್ಲ, ಬಗ್ಗುತ್ತದೆ. ಅಲ್ಲಿ ಗೂಟದ ಬದಲು ಹಗ್ಗವನ್ನು ಕೆಂಪುಕಲ್ಲಿಗೆ ಸುತ್ತಿ ಬಿಗಿಯಿರಿ. ಕಲ್ಲು ಮನೆಯ ಹಿಂದೆ ಎಲ್ಲರಲ್ಲೂ ನಾಲ್ಕು ಬಿದ್ದಿರುತ್ತದೆ.

ತೆಂಗಿನ ಮರದ ಕೆಳಗೆ ಯಾವ ಕಾರಣಕ್ಕೂ ಬೇಡ. ಕಾಯಿ ಮಾತ್ರ ಅಲ್ಲ, ಒಣಗಿದ ಮಡಲು (ಗರಿ) ಗಾಳಿ ಇಲ್ಲದಾಗಲೂ ಬೀಳುತ್ತದೆ. ಅದರ ಬುಡದ ಕೊತ್ತಳಿಗೆ ತಲೆ ಮೇಲೆ ಬಿದ್ದರೆ ಗಟ್ಟಿ ಆಳೂ ಉಳಿಯುವುದು ಕಷ್ಟ.

ಬೆಂಕಿ ವಿಷಯದಲ್ಲಿ ನಾನು ಬಿಗಿ. ರಾತ್ರಿ ಹಾಡಲಿಕ್ಕೆ ಅಂತ ದೊಡ್ಡ ಬೆಂಕಿ ಬೇಡವೇ ಬೇಡ. ಅಡುಗೆಗೆ ಮನೆಯವರು ತೋರಿಸಿದ ಒಲೆ ಸಾಕು.

ಉಡುಪಿಯಿಂದ

ನಾವು ಮಕ್ಕಳನ್ನು ಕಟ್ಟಿಕೊಂಡು ಬ್ರಹ್ಮಾವರದ ಆಚೆ ಒಂದು ಗದ್ದೆ ಮನೆಗೆ ಹೋಗುತ್ತೇವೆ, ಚಳಿಗಾಲದಲ್ಲಿ. ಮೇಲಿನವರು ಹೇಳಿದ್ದು ಎಲ್ಲ ಸರಿ, ಬೆಂಕಿ ಒಂದರಲ್ಲಿ ಮಾತ್ರ ನನಗೆ ಬೇರೆ ಅಭಿಪ್ರಾಯ. ಕೊಯ್ದ ಗದ್ದೆಯ ನಡುವೆ, ಕೂಳೆ ಸುತ್ತ ಕಿತ್ತು ಬರೀ ಮಣ್ಣು ಮಾಡಿ, ಎರಡು ಬಕೆಟ್ ನೀರು ಪಕ್ಕ ಇಟ್ಟು ಸಣ್ಣದೊಂದು ಬೆಂಕಿ ಹಾಕಿದರೆ ತೊಂದರೆ ಇಲ್ಲ. ಮಕ್ಕಳು ಅದರ ಸುತ್ತ ಕೂತು ಮಾತಾಡುವ ಹಾಗೆ ಮನೆಯಲ್ಲಿ ಯಾವತ್ತೂ ಮಾತಾಡುವುದಿಲ್ಲ. ಮನೆಯವರನ್ನು ಕೇಳಿ, ಅವರು ಹೂಂ ಅಂದರೆ ಮಾತ್ರ. ಗೇರು ಗುಡ್ಡೆಯಲ್ಲಿ, ತರಗೆಲೆ ಇರುವಲ್ಲಿ ಬೇಡ. ಮಾರ್ಚ್ ಆದಮೇಲೆ ಎಲ್ಲೂ ಬೇಡ. ಇನ್ನೊಂದು, ಗೇರುಬೀಜ ಸುಡುತ್ತೇವೆ ಅಂತ ಮಕ್ಕಳು ಹಠ ಮಾಡಿದರೆ ಬಿಡಬೇಡಿ. ಹಸಿ ಸಿಪ್ಪೆಯ ಎಣ್ಣೆ ಸಿಡಿದು ಚರ್ಮ ಸುಟ್ಟ ಹಾಗೆ ಬೊಬ್ಬೆ ಏಳುತ್ತದೆ. ಗೆಣಸು ಕೆಂಡದಲ್ಲಿ ಹುಗಿಯಿರಿ, ಹಲಸಿನ ಬೀಜ ಸಿಕ್ಕಿದರೆ ಅದನ್ನೂ.

ಅಡುಗೆ ಸರಳ ಇರಲಿ ಅಕ್ಕ. ನಾವು ರಾತ್ರಿಗೆ ಗಂಜಿ ಮಾಡುತ್ತೇವೆ. ಕುಚ್ಚಲಕ್ಕಿ ಕುಕ್ಕರ್ ಇಲ್ಲದೆ ಬೇಯಲು ಒಂದು ಗಂಟೆ ಬೇಕು, ಹಳೆ ಅಕ್ಕಿ ಆದರೆ ಇನ್ನೂ ಜಾಸ್ತಿ. ಹಸಿವಾದ ಮೇಲೆ ಒಲೆ ಹೊತ್ತಿಸಿದರೆ ಮಕ್ಕಳು ಅಳುತ್ತಾ ಮಲಗುತ್ತಾರೆ. ಸೂರ್ಯ ಮುಳುಗುವ ಮೊದಲೇ ಶುರು ಮಾಡಿ. ಪಾತ್ರೆಯ ಹೊರಮೈಗೆ ಒದ್ದೆ ಬೂದಿ ದಪ್ಪಕ್ಕೆ ಬಳಿದು ಒಲೆ ಮೇಲೆ ಇಟ್ಟರೆ ಆಮೇಲೆ ಮಸಿ ಸುಲಭಕ್ಕೆ ಹೋಗುತ್ತದೆ. ಒಲೆ ಹೊತ್ತಿಸಲು ಕಾಗದಕ್ಕಿಂತ ಒಣ ಗೆರಟೆ (ತೆಂಗಿನ ಚಿಪ್ಪು) ಒಳ್ಳೆಯದು, ಇಬ್ಬನಿ ಬಿದ್ದ ಬೆಳಿಗ್ಗೆಯೂ ಬೇಗ ಹಿಡಿಯುತ್ತದೆ. ನೀರು ಮರಳಿದ ಮೇಲೆ ತೊಳೆದ ಅಕ್ಕಿ ಹಾಕಿ. ಉಕ್ಕಿ ಬಂದಾಗ ಕಟ್ಟಿಗೆ ಎರಡು ಹೊರಗೆ ಎಳೆಯಿರಿ. ಈ ಎಳೆಯುವುದು, ತಳ್ಳುವುದು ನನ್ನ ಮಗಳದ್ದೇ ಕೆಲಸ. ಮನೆಯಲ್ಲಿ ಗ್ಯಾಸ್ ಹತ್ತಿರ ಬಿಡುವುದಿಲ್ಲ ನಾನು, ಇಲ್ಲಿ ಪಕ್ಕದಲ್ಲೇ ಕೂತು ಕೈ ಹಿಡಿದು ಕಲಿಸಿದ್ದೇನೆ. ಬೆಂದ ಮೇಲೆ ಕೆಂಡದ ಮೇಲೆ ಸ್ವಲ್ಪ ಹೊತ್ತು ಹಾಗೇ ಇರಲಿ. ಜೊತೆಗೆ ಮಾವಿನಮಿಡಿ ಉಪ್ಪಿನಕಾಯಿ, ಸುಟ್ಟ ಹಪ್ಪಳ, ಒಂದು ಚಟ್ನಿ. ಸಾಕು.

ಮೀನು, ಕೋಳಿ ಮಾಡುವ ಯೋಚನೆ ಇದ್ದರೆ ಮೊದಲೇ ಕೇಳಿ. ಕೆಲವು ಮನೆಯಲ್ಲಿ ಆಗುವುದಿಲ್ಲ. ಕೇಳಿದರೆ ಯಾರಿಗೂ ಬೇಸರ ಇಲ್ಲ, ಮಾಡಿದ ಮೇಲೆ ಗೊತ್ತಾದರೆ ಬೇಸರ.

ಟಾಯ್ಲೆಟ್ ಮಾತ್ರ ಮನೆಯದ್ದೇ ಉಪಯೋಗಿಸಿ, ದಯವಿಟ್ಟು. ಗದ್ದೆಯಲ್ಲಿ ಗುಂಡಿ ತೆಗೆದು ಹೋಗುವುದು ಪುಸ್ತಕದಲ್ಲಿ ಚೆಂದ. ನಮ್ಮ ಕರಾವಳಿಯಲ್ಲಿ ಹೆಜ್ಜೆಗೊಂದು ತೆರೆದ ಬಾವಿ, ಅದೇ ಕುಡಿಯುವ ನೀರು. ತೋಡಿನಲ್ಲಿ (ಸಣ್ಣ ಹಳ್ಳದಲ್ಲಿ) ಸಾಬೂನು, ಶಾಂಪೂ ಬೇಡ, ಕೆಳಗಿನ ಮನೆಯವರೂ ಅದೇ ನೀರನ್ನು ಉಪಯೋಗಿಸುತ್ತಾರೆ. ಸ್ನಾನಕ್ಕೆ ಬಚ್ಚಲ ಹಂಡೆ ಉಂಟಲ್ವಾ, ಅದಕ್ಕೆ ನೀವೇ ನೀರು ಸೇದಿ ತುಂಬಿಸಿ, ನೀವೇ ಬೆಂಕಿ ಹಾಕಿ. ಮಗಳು ಹಗ್ಗ ಎಳೆಯಲಿ, ಆದರೆ ಬಾವಿಕಟ್ಟೆ ಹತ್ತಿರ ದೊಡ್ಡವರು ಒಬ್ಬರು ಇರಲೇಬೇಕು. ಚಿಕ್ಕವನು ಬಾವಿ, ಕೆರೆ, ಗೊಬ್ಬರ ಗುಂಡಿ ಹತ್ತಿರ ಒಬ್ಬನೇ ಹೋಗಬಾರದು. ಹೋದ ಕೂಡಲೇ ಅವನನ್ನು ಕರೆದುಕೊಂಡು ಎಲ್ಲ ಕಡೆ ಒಂದು ಸುತ್ತು ಬನ್ನಿ, ಇಲ್ಲಿಂದ ಆಚೆ ಇಲ್ಲ ಅಂತ ಮರ ತೋರಿಸಿ ಹೇಳಿ.

ಮಕ್ಕಳಿಗೆ ಏನು ಕೆಲಸ ಅಂತ ಯೋಚಿಸಬೇಡಿ. ಹಾಲು ಕರೆಯುವುದು ಬೇಡ, ದನ ಹೊಸಬರ ಕೈಗೆ ಹಾಲು ಇಳಿಸುವುದಿಲ್ಲ, ಒದೆಯಲೂಬಹುದು. ಬಿದ್ದ ಅಡಿಕೆ ಹೆಕ್ಕುವುದು ಕೊಡಿ. ಬುಟ್ಟಿ ಹಿಡಿದು ಹೆಕ್ಕಿದ್ದು ನಿಜಕ್ಕೂ ಮನೆಯವರಿಗೆ ಉಪಯೋಗಕ್ಕೆ ಬರುತ್ತದೆ, ಅದು ಮಕ್ಕಳಿಗೂ ಗೊತ್ತಾಗುತ್ತದೆ.

ಸಾಮಾನು: ತಲಾ ಒಂದು ಟಾರ್ಚ್, ಟೆಂಟಿನ ಮೇಲ್ಹೊದಿಕೆ (ಇಬ್ಬನಿ ಮಳೆಯ ಹಾಗೆ ತೊಟ್ಟಿಕ್ಕುತ್ತದೆ), ಕೆಳಗೆ ಹಾಸಲು ದಪ್ಪ ಟಾರ್ಪಾಲ್, ಕಂಬಳಿ, ಮುಚ್ಚಿದ ಶೂ, ಉದ್ದ ಪ್ಯಾಂಟು. ಫೋನ್ ಚಾರ್ಜ್ ಮಾಡಿಕೊಂಡೇ ಹೋಗಿ, ಎಮರ್ಜೆನ್ಸಿಗೆ ಬೇಕು. ಆಮೇಲೆ ಅದನ್ನು ಒಳಗಿಡಿ. ರಾತ್ರಿ ಪೂರ್ವದಲ್ಲಿ ಘಟ್ಟದ ಮೇಲಿಂದ ಮೂರು ನಕ್ಷತ್ರ ಸಾಲಾಗಿ ಏರಿ ಬರುತ್ತವೆ, ಓರಿಯನ್‌ನ ನಡುಪಟ್ಟಿ. ಮಂಗಳೂರಲ್ಲಿ ಅದರ ಸುತ್ತಲಿನ ಸಣ್ಣ ನಕ್ಷತ್ರಗಳು ಕಾಣುವುದೇ ಇಲ್ಲ, ಮಕ್ಕಳಿಗೆ ತೋರಿಸಿ.

ಮಣಿಪಾಲದಿಂದ, ನರ್ಸ್

ಹಾವಿನ ಬಗ್ಗೆ ಕೇಳಿದ್ದೀರಿ. ಹಾವು ಇರುತ್ತದೆ. ಇಲಿ ಇರುವಲ್ಲಿ, ಅಡಿಕೆ ಸಿಪ್ಪೆ ರಾಶಿ, ಕಟ್ಟಿಗೆ ರಾಶಿ, ಹುಲ್ಲು ಕುತ್ತರಿ (ಬಣವೆ) ಹತ್ತಿರ ಜಾಸ್ತಿ. ಅವುಗಳಿಂದ ದೂರ ಟೆಂಟ್ ಹಾಕಿ, ಜಿಪ್ ಯಾವಾಗಲೂ ಹಾಕಿರಲಿ, ಶೂ ಒಳಗೇ ಇರಲಿ, ಹಾಕಿಕೊಳ್ಳುವ ಮೊದಲು ಕೊಡವಿ. ಕಟ್ಟಿಗೆ ತರಲು ಮಕ್ಕಳನ್ನು ಕಳಿಸಬೇಡಿ. ಕನ್ನಡಿ ಹಾವು (ಕೊಳಕುಮಂಡಲ) ತರಗೆಲೆ ನಡುವೆ ಬಿದ್ದುಕೊಂಡರೆ ಕಣ್ಣಿಗೆ ಬೀಳುವುದೇ ಇಲ್ಲ. ಕಚ್ಚಿದರೆ ಕೊಯ್ಯುವುದು, ಬಿಗಿದು ಕಟ್ಟುವುದು, ಬಾಯಿಂದ ಹೀರುವುದು ಯಾವುದೂ ಬೇಡ. ಉಂಗುರ, ಬಳೆ, ಕಾಲುಗೆಜ್ಜೆ ತೆಗೆಯಿರಿ, ಕೈಕಾಲು ಅಲುಗಾಡಿಸದೆ 108ಕ್ಕೆ ಫೋನ್ ಮಾಡಿ. ಹತ್ತಿರದ ಯಾವ ಆಸ್ಪತ್ರೆಯಲ್ಲಿ ಹಾವಿನ ವಿಷಕ್ಕೆ ಇಂಜೆಕ್ಷನ್ ಉಂಟು, ದಾರಿ ಯಾವುದು ಅಂತ ಹೊರಡುವ ಮೊದಲೇ ಗೊತ್ತುಮಾಡಿಕೊಳ್ಳಿ. ತೋಟದಲ್ಲಿ ಫೋನ್ ಸಿಗ್ನಲ್ ಎಲ್ಲಿ ಸಿಗುತ್ತದೆ ಅಂತಲೂ ಕೇಳಿ.

ಹಾವಿಗಿಂತ ನನಗೆ ಉಣ್ಣಿಯ ಚಿಂತೆ ಜಾಸ್ತಿ. ಹೆಬ್ರಿ ಅಂದರೆ ಕಾಡಂಚು, ಸೋಮೇಶ್ವರ ಅಭಯಾರಣ್ಯ ಪಕ್ಕದಲ್ಲೇ. ಉಣ್ಣಿ ಕಚ್ಚಿ ಹರಡುವ ಮಂಗನ ಕಾಯಿಲೆ ಮೊದಲು ಪತ್ತೆಯಾದದ್ದು 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಲ್ಲಿ, ಆಮೇಲೆ ನಮ್ಮ ಜಿಲ್ಲೆಗಳಿಗೂ ಬಂದಿದೆ. ಅದರ ಸೀಸನ್ ಡಿಸೆಂಬರಿನಿಂದ ಮೇ ತನಕ, ನೀವು ಹೋಗುವ ಸಮಯವೇ. ಹಾಗಂತ ಹೋಗಬೇಡಿ ಅನ್ನುತ್ತಿಲ್ಲ. ಆ ಕಡೆ ಈಗ ಕೇಸ್ ಉಂಟಾ ಅಂತ ಅಲ್ಲಿನ ಆಶಾ ಕಾರ್ಯಕರ್ತೆಯನ್ನು ವಿಚಾರಿಸಿ. ಕಾಡಿಗೆ, ಹಾಡಿಗೆ (ಮನೆ ಹತ್ತಿರದ ಸಣ್ಣ ಕಾಡಿಗೆ) ಹೋಗಬೇಡಿ. ತರಗೆಲೆ ಮೇಲೆ ಕೂರಬೇಡಿ. ಪ್ಯಾಂಟಿನ ತುದಿ ಕಾಲುಚೀಲದೊಳಗೆ ಹಾಕಿ. ಸಂಜೆ ಬಿಸಿನೀರಲ್ಲಿ ಸ್ನಾನ ಮಾಡಿಸುವಾಗ ಕಂಕುಳು, ತೊಡೆ ಸಂದು, ಕಿವಿ ಹಿಂದೆ ನೋಡಿ. ಮಂಗ ಸತ್ತು ಬಿದ್ದದ್ದು ಕಂಡರೆ ಹತ್ತಿರ ಹೋಗದೆ ಮನೆಯವರಿಗೆ ಹೇಳಿ. ಬಂದ ಎರಡು ವಾರದೊಳಗೆ ಜ್ವರ ಬಂದರೆ ಡಾಕ್ಟರಿಗೆ ತೋಟದಲ್ಲಿ ಇದ್ದೆವು ಅಂತ ಹೇಳಲೇಬೇಕು. ಕೆಸರಲ್ಲಿ ಆಡಿದ್ದರೆ ಅದನ್ನೂ ಹೇಳಿ, ಇಲಿ ಜ್ವರ ನಮ್ಮಲ್ಲಿ ಮಳೆಗಾಲದಲ್ಲಿ ಹೆಚ್ಚು ಆದರೂ ಬೇರೆ ಸಮಯದಲ್ಲೂ ಬರುತ್ತದೆ.

ಕಾರ್ಕಳದವರು

ಎಲ್ಲರೂ ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ಜಾಗದಲ್ಲಿ ನಾಗಬನ (ನಾಗನನ್ನು ಪೂಜಿಸುವ ಮರಗಳ ಗುಂಪು) ಎಲ್ಲಿ, ದೈವದ ಕಟ್ಟೆ ಎಲ್ಲಿ ಅಂತ ಹೋದ ಕೂಡಲೇ ಕೇಳಿ. ತಂಪಾಗಿ ಮರ ಬೆಳೆದು ಚೆಂದ ಕಾಣುವ ಮೂಲೆ ಎಷ್ಟೋ ಸಲ ಬನವೇ ಆಗಿರುತ್ತದೆ. ಅಲ್ಲಿ ಟೆಂಟ್, ಚಪ್ಪಲಿ, ಮೂತ್ರ ಯಾವುದೂ ಸಲ್ಲದು. ಇದನ್ನು ಓದಿ ಬೇರೆ ಯಾರಾದರೂ ಫೆಬ್ರವರಿಯಲ್ಲಿ ಹೊರಟರೆ, ಎರಡನೇ ವಾರದ ಸುಮಾರಿಗೆ ಕೆಡ್ಡಸ ಬರುತ್ತದೆ. ಭೂಮಿತಾಯಿ ಮುಟ್ಟಾಗುವ ದಿನಗಳು ಅಂತ ತುಳುನಾಡಲ್ಲಿ ಆಗ ನೆಲ ಅಗೆಯುವುದಿಲ್ಲ, ಉಳುವುದಿಲ್ಲ, ಮರ ಕಡಿಯುವುದಿಲ್ಲ. ಗೂಟ ಹೊಡೆಯುವುದೂ ಬೇಡ. ದಿನ ಮುಂದೆ ಹಾಕಿ.

ರಾತ್ರಿ ಟೆಂಟ್ ಬಿಟ್ಟು ತಿರುಗಾಡಬೇಡಿ. ಕಾಡುಹಂದಿ, ಮುಳ್ಳುಹಂದಿ ಗದ್ದೆಗೆ ಬರುತ್ತವೆ. ಹಂದಿಗೆ ಅಂತ ಸೋಲಾರ್ ಬೇಲಿಗೆ ಕರೆಂಟ್ ಹಾಕಿರುತ್ತಾರೆ. ಯಾವ ಬದಿಗೆ ಬೇಲಿ ಅಂತ ಮಕ್ಕಳಿಗೂ ತೋರಿಸಿ.

ಕೇಳಿದವರು

ಎಲ್ಲರಿಗೂ ಥ್ಯಾಂಕ್ಸ್. ನಾಳೆಯೇ ಫೋನ್ ಮಾಡುತ್ತೇನೆ. ಇನ್ನೊಂದು ಕೇಳಲಾ, ದುಡ್ಡಿನ ವಿಷಯ? ಪರಿಚಯದವರು, ಕೊಟ್ಟರೆ ಬೇಸರ ಮಾಡಿಕೊಳ್ಳುತ್ತಾರಾ ಅಂತ.

ಬೆಳ್ತಂಗಡಿ ಕಡೆಯ ಕೃಷಿಕ

ಕೈಗೆ ದುಡ್ಡು ಕೊಟ್ಟರೆ ಬೇಡ ಅನ್ನುತ್ತಾರೆ. ಹಾಗಂತ ಸುಮ್ನೆ ಬರಬೇಡಿ. ನಿಮ್ಮ ಅಕ್ಕಿ, ಸಾಮಾನು ನೀವೇ ತಗೊಂಡು ಹೋಗಿ, ಮನೆಯವರಿಗೂ ಒಂದು ಊಟ ನೀವು ಬಡಿಸಿ. ಬರುವಾಗ ಅವರಲ್ಲಿ ಇರುವುದನ್ನು ಖರೀದಿ ಮಾಡಿ, ತೆಂಗಿನಕಾಯಿ, ತೆಂಗಿನೆಣ್ಣೆ, ಬಾಳೆಗೊನೆ, ಏನು ಉಂಟೋ ಅದು, ಮಂಗಳೂರು ಅಂಗಡಿಯ ರೇಟಿಗೇ. ಅದರಲ್ಲಿ ಚೌಕಾಸಿ ಬೇಡ. ಕೆಲಸಕ್ಕೆ ಬರುವವರಿಗೆ ನಿಮ್ಮಿಂದ ಹೆಚ್ಚು ಕೆಲಸ ಆಗಿದ್ದರೆ ಅವರಿಗೆ ಬೇರೆಯಾಗಿ ಕೊಡಿ.

ಹೊರಡುವಾಗ ಗೂಟ ಎಣಿಸಿ ತೆಗೆಯಿರಿ. ಒಂದು ಗದ್ದೆಯಲ್ಲಿ ಉಳಿದರೆ ನೇಜಿ (ಭತ್ತದ ಸಸಿ) ನೆಡುವ ಹೊತ್ತಿಗೆ ಕೆಸರಲ್ಲಿ ಯಾರದೋ ಕಾಲಿಗೆ ಚುಚ್ಚುತ್ತದೆ. ಚಿಪ್ಸ್ ಕವರ್, ಬಿಸ್ಕೆಟ್ ಕವರ್ ಒಂದೂ ಬಿಡಬೇಡಿ. ದನ ತಿನ್ನುತ್ತದೆ.