ದಿನಾ ರಾತ್ರಿ ರೀಸ್ಟಾರ್ಟ್ ಯಾಕ್ರೋ?

ಮಂಜು: (ಫಾರ್ವರ್ಡ್) ನೋಡ್.ಜೆಎಸ್ (ಸರ್ವರ್‌ನಲ್ಲಿ ಜಾವಾಸ್ಕ್ರಿಪ್ಟ್ ಓಡಿಸೋದು) ಆ್ಯಪ್ ಪದೇ ಪದೇ ಬೀಳ್ತಿದ್ಯಾ? ರೂಟ್ (ಸರ್ವರ್‌ನ ಅಡ್ಮಿನ್ ಯೂಸರ್) ಕ್ರಾನ್‌ಟ್ಯಾಬ್‌ಗೆ (ಹೇಳಿದ ಹೊತ್ತಿಗೆ ಕಮಾಂಡ್ ಓಡಿಸೋ ಪಟ್ಟಿ) ಒಂದೇ ಲೈನ್ ಹಾಕಿ, ರಾತ್ರಿ 3ಕ್ಕೆ "ಪಿಎಂ2 ರೀಸ್ಟಾರ್ಟ್ ಆಲ್" (ಪಿಎಂ2 ಅಂದ್ರೆ ಆ್ಯಪ್‌ಗಳನ್ನ ಓಡಿಸಿ, ಬಿದ್ರೆ ಎಬ್ಬಿಸೋ ಟೂಲ್). ಸಮಸ್ಯೆ ಖತಂ.

ಮಂಜು: ಇವತ್ತೇ ಕ್ಲೈಂಟ್ ಸರ್ವರ್‌ಗೆ ಹಾಕ್ತೀನಿ ಕಣ್ರೋ, ವಾರದಿಂದ ಜೀವ ತಿಂತಿದೆ

ರೂಪಾ: ಬೇಡ ಕಣೋ. ಯಾಕೆ ಬೀಳ್ತಿದೆ ಅಂತ ನೋಡ್ದೇನೆ ರೀಸ್ಟಾರ್ಟ್ ಮಾಡಿದ್ರೆ ತಪ್ಪು ಹಾಗೇ ಇರತ್ತೆ, ನಿನ್ ಕಣ್ಣಿಗೆ ಬೀಳೋದು ಮಾತ್ರ ನಿಲ್ಲತ್ತೆ. ಇಂಥ ಮೆಸೇಜ್ ನೋಡಿದ್ರೆ ಸಿಟ್ಟು ಬರತ್ತೆ ನಂಗೆ

ಶ್ರೀಧರ: ರೂಪಾ, ಪ್ರಾಕ್ಟಿಕಲ್ ಆಗಿ ಯೋಚ್ನೆ ಮಾಡು. ಮೆಮೊರಿ ಲೀಕ್ (ಬಳಸಿದ ಮೆಮೊರಿ ಬಿಡದೇ ತುಂಬ್ತಾ ಹೋಗೋದು) ಇದ್ರೆ ಹುಡುಕಕ್ಕೆ ತಿಂಗಳು ಬೇಕು, ಅಲ್ಲೀವರೆಗೂ ಕ್ಲೈಂಟ್ ಸುಮ್ನಿರ್ತಾನಾ? ನಾವೂ ದಿನಾ ರೀಸ್ಟಾರ್ಟ್ ಮಾಡೇ ನಡೆಸ್ತಿದೀವಿ

ರೂಪಾ: ಲೀಕ್ ಅಂತ ಗೊತ್ತಿದ್ರೆ ಪಿಎಂ2ನ ಮ್ಯಾಕ್ಸ್ ಮೆಮೊರಿ ರೀಸ್ಟಾರ್ಟ್ ಸೆಟ್ಟಿಂಗ್ ಹಾಕು, 300 ಎಂಬಿ ಅಂತ ಕೊಟ್ರೆ 30 ಸೆಕೆಂಡಿಗೊಂದ್ಸಲ ನೋಡಿ ದಾಟಿದ್ದನ್ನ ಮಾತ್ರ ಎಬ್ಬಿಸತ್ತೆ. ಚೆನ್ನಾಗಿ ಓಡ್ತಿರೋ ಬೇರೆ ಆ್ಯಪ್‌ಗಳನ್ನೂ ರಾತ್ರಿ 3ಕ್ಕೆ ಯಾಕೆ ಕೊಲ್ಬೇಕು, ಆಗ ಯಾವ್ದೋ ಪೇಮೆಂಟ್ ಅರ್ಧದಲ್ಲಿದ್ರೆ?? ಕೇಳಿದ್ ತಕ್ಷಣ ನಿಲ್ಲದಿದ್ರೆ ಪಿಎಂ2 ಕಾಯೋದು 1600 ಮಿಲಿಸೆಕೆಂಡ್ ಅಷ್ಟೇ, ಆಮೇಲೆ ಬಲವಂತವಾಗಿ ಮುಗಿಸತ್ತೆ

ಶ್ರೀಧರ: ಅದೂ ಸರಿನೇ, ಆದ್ರೆ ಮಂಜು ಒಬ್ಬನೇ ಎಲ್ಲಾ ನೋಡ್ಕೋಬೇಕಲ್ಲ

ನಾಗರಾಜ: ನನ್ ಕೇಳಿದ್ರೆ ಪಿಎಂ2ನೇ ಬೇಡ. ಒಂದು ಸರ್ವಿಸ್ ಫೈಲ್ ಬರ್ದು ಸಿಸ್ಟಮ್‌ಡಿಗೆ (ಲಿನಕ್ಸ್‌ನಲ್ಲೇ ಇರೋ ಸರ್ವಿಸ್ ಮ್ಯಾನೇಜರ್) ಒಪ್ಪಿಸಿ, ಯಾವ ಯೂಸರ್ ಅಂತ ಅದ್ರಲ್ಲೇ ಇರತ್ತೆ, ಲಾಗ್ (ಏನಾಯ್ತು ಅನ್ನೋ ದಾಖಲೆ) ಅದರ ಜರ್ನಲ್‌ನಲ್ಲಿರತ್ತೆ

ರೂಪಾ: ಒಂದೇ ಆ್ಯಪ್ ಆದ್ರೆ ನಾನೂ ಒಪ್ತೀನಿ ನಾಗ. ಆದ್ರೆ ಆ್ಯಪೇ ಏಳದಿದ್ರೆ ಅದೂ 10 ಸೆಕೆಂಡಲ್ಲಿ 5 ಸಲ ಪ್ರಯತ್ನಪಟ್ಟು ಕೈ ಬಿಡತ್ತೆ. ಯಾವ್ದು ಬಳಸಿದ್ರೂ ಲಾಗ್ ಓದ್ಲೇಬೇಕು. ಮಂಜು, ಪಿಎಂ2 ಲಿಸ್ಟಲ್ಲಿ ಸ್ಟೇಟಸ್ ಏನ್ ತೋರಿಸ್ತಿದೆ ಹೇಳು

ಮಂಜು: ಎರರ್ಡ್ ಅಂತ ಕೆಂಪಗಿದೆ. ವಿಚಿತ್ರ ಅಂದ್ರೆ ಸೈಟ್ ಓಪನ್ ಆಗತ್ತೆ, ಆದ್ರೆ ಹೋದ ವಾರ ಹಾಕಿದ್ ಹೊಸ ಪೇಜ್ ಬರ್ತಿಲ್ಲ, ಹಳೇದೇ ಬರತ್ತೆ, ಕ್ಲೈಂಟ್ ಕೂಗಾಡ್ತಿರೋದೂ ಅದಕ್ಕೇ

ರೂಪಾ: ಎರರ್ಡ್ ಅಂದ್ರೆ ಏಳೋದು ಬೀಳೋದು ಮಾಡಿ ಮಾಡಿ ಲಿಮಿಟ್ ಮುಟ್ಟಿದೆ ಅಂತ, ಡಿಫಾಲ್ಟ್ 16. ಆ್ಯಪ್ ಬಿದ್ದಿದೆ ಸೈಟ್ ಎದ್ದಿದೆ ಅಂದ್ರೆ ಪೋರ್ಟ್‌ನಲ್ಲಿ (ಆ್ಯಪ್‌ಗೆ ರಿಕ್ವೆಸ್ಟ್ ಬರೋ ನಂಬರ್ ಬಾಗಿಲು) ಬೇರೆ ಯಾವ್ದೋ ಪ್ರೋಗ್ರಾಮ್ ಕೂತಿದೆ. ಎರರ್ ಲಾಗ್ ಕೊನೇ ಲೈನ್ ಕಳ್ಸು

ಮಂಜು: "ಇಎಡಿಡಿಆರ್‌ಇನ್‌ಯೂಸ್", ಪೋರ್ಟ್ 3000

ರೂಪಾ: ಅದೇ!! ಆ ಪೋರ್ಟ್ ಆಗ್ಲೇ ಬಳಕೆಯಲ್ಲಿದೆ ಅಂತ ಅರ್ಥ. ಈಗ ಸುಡೋ (ಕಮಾಂಡನ್ನ ರೂಟ್ ಆಗಿ ಓಡಿಸೋದು) ಹಾಕಿ ಪಿಎಂ2 ಲಿಸ್ಟ್ ಕೊಡು. ಪಿಎಂ2 ಪ್ರತಿ ಯೂಸರ್‌ಗೂ ಬೇರೆ ಬೇರೆ ಡೀಮನ್ (ಹಿನ್ನೆಲೆಯಲ್ಲಿ ಓಡೋ ಪ್ರೋಗ್ರಾಮ್) ನಡೆಸತ್ತೆ, ಅವರವರ ಹೋಮ್ ಫೋಲ್ಡರ್‌ನಲ್ಲಿ ಡಾಟ್ ಪಿಎಂ2 ಅಂತ ಇರತ್ತೆ, ರೂಟ್ ನಡೆಸ್ತಿರೋದು ನಿನ್ ಲಿಸ್ಟಲ್ಲಿ ಕಾಣಲ್ಲ

ಮಂಜು: ಅಯ್ಯೋ ಅಲ್ಲೂ ಅದೇ ಆ್ಯಪ್ ಇದೆ, ಹಸಿರಾಗಿ ಆನ್‌ಲೈನ್! ನನಗಿಂತ ಮುಂಚೆ ನೋಡ್ಕೊಳ್ತಿದ್ದವ್ರು ಸುಡೋ ಹಾಕಿ ಶುರು ಮಾಡಿರ್ಬೇಕು

ನಾಗರಾಜ: ಸಿಸ್ಟಮ್‌ಡಿಲಿ ಈ ಗೊಂದಲನೇ ಇರಲ್ಲ ಅಂತ ನಾನ್ ಹೇಳ್ತಿರೋದು ಇದಕ್ಕೇ

ರೂಪಾ: ಇರ್ಲಿ ನಾಗ, ಮೊದ್ಲು ಇದು ಮುಗೀಲಿ. ಮಂಜು, ಆ ಕ್ರಾನ್ ಲೈನ್ ರೂಟ್‌ಗೆ ಹಾಕಿದ್ರೆ ದಿನಾ ರಾತ್ರಿ ರೂಟ್ ಕಡೆ ಇರೋ ಹಳೇದನ್ನೇ ಮತ್ತೆ ಮತ್ತೆ ಎಬ್ಬಿಸ್ತಿತ್ತು, ನಿನ್ನ ಹೊಸ ಕೋಡ್‌ಗೆ ಪೋರ್ಟ್ ಸಿಗ್ತಾನೇ ಇರ್ಲಿಲ್ಲ. ಸುಡೋ ಕಡೆ ಆ್ಯಪ್ ಡಿಲೀಟ್ ಮಾಡು, ಅನ್‌ಸ್ಟಾರ್ಟಪ್ (ಬೂಟ್ ಆದಾಗ ತಾನಾಗೇ ಏಳೋದನ್ನ ತೆಗೆಯೋ ಕಮಾಂಡ್) ಕೊಡು, ಇಲ್ದಿದ್ರೆ ಮಷಿನ್ ರೀಬೂಟ್ ಆದಾಗ ಅದೇ ಮತ್ತೆ ಎದ್ದು ಕೂರತ್ತೆ. ಆಮೇಲೆ ನಿನ್ ಯೂಸರ್‌ನಲ್ಲಿ ರೀಸ್ಟಾರ್ಟ್, ಸ್ಟಾರ್ಟಪ್ (ಅದು ಒಂದು ಕಮಾಂಡ್ ಪ್ರಿಂಟ್ ಮಾಡತ್ತೆ, ಅದನ್ನ ಕಾಪಿ ಮಾಡಿ ರನ್ ಮಾಡ್ಬೇಕು, ಸುಮಾರು ಜನ ಅಲ್ಲೇ ಬಿಟ್ಬಿಡ್ತಾರೆ), ಕೊನೇಲಿ ಸೇವ್ (ಈಗಿನ ಲಿಸ್ಟ್ ಉಳಿಸತ್ತೆ)

ಮಂಜು: ಮಾಡ್ದೆ. ಹೊಸ ಪೇಜ್ ಬಂತು ಕಣೇ ರೂಪಾ!!

ಶ್ರೀಧರ: ಸೂಪರ್. ನಮ್ ಸರ್ವರಲ್ಲೂ ಸುಡೋ ಲಿಸ್ಟ್ ನೋಡ್ತೀನಿ ಈಗ್ಲೇ

ನಾಗರಾಜ: ರೀಬೂಟ್ ಮಾಡಿ ನೋಡೋವರ್ಗೂ ಸರಿಹೋಯ್ತು ಅಂತ ಒಪ್ಪಲ್ಲ ನಾನು

ರೂಪಾ: ಅದು ಸರಿ. ನೋಡ್.ಜೆಎಸ್ ವರ್ಷನ್ ಯಾವತ್ತಾದ್ರೂ ಎನ್‌ವಿಎಂನಲ್ಲಿ (ವರ್ಷನ್ ಬದಲಿಸೋ ಟೂಲ್) ಬದಲಾಯಿಸಿದ್ರೆ ಸ್ಟಾರ್ಟಪ್ ಹಳೇ ದಾರೀನೇ ಹಿಡ್ಕೊಂಡಿರತ್ತೆ, ಆಗ ಅನ್‌ಸ್ಟಾರ್ಟಪ್ ಕೊಟ್ಟು ಮತ್ತೆ ಸ್ಟಾರ್ಟಪ್ ಮಾಡ್ಬೇಕು, ನೆನಪಿಟ್ಕೋ ಮಂಜು

ಮಂಜು: ಸರಿ. 9 ಗಂಟೆಗೆ ಟ್ರಾಫಿಕ್ ಇಳಿಯತ್ತೆ, ಆಗ ರೀಬೂಟ್ ಮಾಡಿ ಎರಡೂ ಲಿಸ್ಟ್ ಇಲ್ಲೇ ಹಾಕ್ತೀನಿ