ಪಾಯಿಂಟ್ 22 ರೈಫಲ್‌ಗೆ ಯಾವ ಗುಂಡು? ತೆಂಗಿನಕಾಯಿ ಸ್ಪರ್ಧೆಗೂ ಬೇಕು, 50 ಮೀಟರ್ ಪೇಪರ್ ಟಾರ್ಗೆಟ್‌ಗೂ ಬೇಕು

ಕಾಫಿತೋಟ_ವಿರಾಜಪೇಟೆ

ಎಲ್ಲರಿಗೂ ನಮಸ್ಕಾರ. ಮನೆಯಲ್ಲಿ ಅಪ್ಪನ ಕಾಲದ ಪಾಯಿಂಟ್ 22 ಬೋಲ್ಟ್ ಆಕ್ಷನ್ ರೈಫಲ್ ಇದೆ. ಬ್ಯಾರೆಲ್ ಚೆನ್ನಾಗಿದೆ, ಹೋದ ವರ್ಷ ಸ್ಕೋಪ್ ಹಾಕಿಸಿದೆ. ನಮ್ಮ ಕೊಡಗಿನ ಆಯುಧ ಪೂಜೆಯ ಹಬ್ಬ ಕೈಲ್ ಮುಹೂರ್ತದ ಹೊತ್ತಿಗೆ ಊರೂರಲ್ಲಿ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆ ಇರುತ್ತದಲ್ಲ, ಅದಕ್ಕೆ ತಪ್ಪದೆ ಹೋಗುತ್ತೇನೆ. ಈ ಸಲ ಗೆಳೆಯನೊಬ್ಬ 50 ಮೀಟರ್ ಪ್ರೋನ್ (ಮಲಗಿ ಹೊಡೆಯುವ) ಕ್ಲಬ್ ಮ್ಯಾಚ್‌ಗೂ ಬಾ ಅಂತ ಕರೆದಿದ್ದಾನೆ, ಹೋಗುವ ಆಸೆ ಇದೆ.

ಅಂಗಡಿಯಲ್ಲಿ ಮೂರು ಥರ ಸಿಗುತ್ತಿದೆ. ಹೈ ವೆಲಾಸಿಟಿ (ಜಾಸ್ತಿ ವೇಗದ) ಹಾಲೋ ಪಾಯಿಂಟ್, ಅಂದರೆ ಮೂತಿಯಲ್ಲಿ ಕುಳಿ ಇರುವುದು, ಸಾಧಾರಣ ವೇಗದ ಸ್ಟ್ಯಾಂಡರ್ಡ್ ವೆಲಾಸಿಟಿ, ಆಮೇಲೆ ಹೊರದೇಶದ ಮ್ಯಾಚ್ ಗುಂಡು, ಅಂದರೆ ಸ್ಪರ್ಧೆಗೆಂದೇ ಮಾಡಿದ್ದು. ಮೂರನೆಯದರ ಬೆಲೆ ಕೇಳಿದರೆ ಎದೆ ಧಸಕ್ಕನ್ನುತ್ತದೆ. ಇಷ್ಟು ದಿನ ನಾನು ಹೈ ವೆಲಾಸಿಟಿಯನ್ನೇ ಹೊಡೆಯುತ್ತಿದ್ದೆ. ಒಂದು ದಿನ ಐದು ಗುಂಡೂ ಒಂದು ನಾಣ್ಯದಷ್ಟು ಜಾಗದಲ್ಲಿ ಬೀಳುತ್ತವೆ, ಇನ್ನೊಂದು ದಿನ ಅದೇ ಬ್ರ್ಯಾಂಡ್ ಅದೇ ದೂರಕ್ಕೆ ಅಂಗೈಯಷ್ಟು ಹರಡಿಕೊಳ್ಳುತ್ತವೆ. ವೇಗ ಜಾಸ್ತಿ ಇದ್ದರೆ ಗುಂಡು ನೇರ ಹೋಗಬೇಕು ಅಲ್ವಾ? ದುಬಾರಿ ಗುಂಡಿಗೆ ಹಣ ಹಾಕಿದರೆ ನಿಜವಾಗಿ ಫಲ ಇದೆಯಾ? ತಿಳಿದವರು ಹೇಳಿ.

ಪ್ರೋನ್_ಮೈಸೂರು

ಪೇಪರ್‌ಗಾದರೆ ಹೈ ವೆಲಾಸಿಟಿ ಬಿಟ್ಟುಬಿಡಿ. ಪಾಯಿಂಟ್ 22ರಲ್ಲಿ ವೇಗ ಜಾಸ್ತಿ ಆದರೆ ಗುರಿ ಚೆನ್ನಾಗುತ್ತದೆ ಅನ್ನುವುದು ಸರಿಯಲ್ಲ.

ಶಬ್ದದ ವೇಗ ನಮ್ಮ ಹವೆಯಲ್ಲಿ ಸೆಕೆಂಡಿಗೆ ಸುಮಾರು 345 ಮೀಟರ್. ಹೈ ವೆಲಾಸಿಟಿ ಗುಂಡು ಬ್ಯಾರೆಲ್ ಬಿಡುವಾಗ 380ರ ಹತ್ತಿರ ಇರುತ್ತದೆ, 50 ಮೀಟರ್ ಮುಟ್ಟುವಷ್ಟರಲ್ಲಿ ಶಬ್ದದ ವೇಗದ ಆಸುಪಾಸಿಗೆ ಇಳಿದಿರುತ್ತದೆ. ಈ ಹಂತದಲ್ಲಿ ಗಾಳಿಯ ತಡೆ ತುಂಬಾ ಜೋರು, ಗುಂಡು ಬೇಗ ಬೇಗ ವೇಗ ಕಳೆದುಕೊಳ್ಳುತ್ತದೆ, ಹಾಗೆ ಕಳೆದುಕೊಂಡಷ್ಟೂ ಪಕ್ಕದ ಗಾಳಿ ಅದನ್ನು ಜಾಸ್ತಿ ತಳ್ಳುತ್ತದೆ. ಸ್ಟ್ಯಾಂಡರ್ಡ್ ವೆಲಾಸಿಟಿ ಗುಂಡು 325ರ ಸುಮಾರಿಗೆ ಹೊರಡುತ್ತದೆ, ಅಂದರೆ ಮೊದಲಿಂದಲೂ ಶಬ್ದದ ವೇಗಕ್ಕಿಂತ ಕೆಳಗೇ. ಗಂಟೆಗೆ 10 ಕಿಲೋಮೀಟರ್ ವೇಗದ ಗಾಳಿ ಪಕ್ಕದಿಂದ ಬೀಸಿದರೆ 50 ಮೀಟರ್‌ನಲ್ಲಿ ಅದು ಒಂದೂವರೆ ಸೆಂಟಿಮೀಟರ್ ಹತ್ತಿರ ಸರಿಯುತ್ತದೆ. ಹೈ ವೆಲಾಸಿಟಿ ಅದಕ್ಕಿಂತ ಜಾಸ್ತಿಯೇ ಸರಿಯುತ್ತದೆ. ನಿಧಾನದ ಗುಂಡು ಗಾಳಿಗೆ ಕಮ್ಮಿ ಬಗ್ಗುತ್ತದೆ ಅಂದರೆ ಮೊದಲು ಯಾರೂ ನಂಬುವುದಿಲ್ಲ, ಆದರೆ ಪಾಯಿಂಟ್ 22ರಲ್ಲಿ ಇದೇ ನಿಜ.

ಮ್ಯಾಚ್ ಗುಂಡೆಲ್ಲ ಸಾಮಾನ್ಯವಾಗಿ 40 ಗ್ರೇನ್‌ನ (ಸುಮಾರು 2.6 ಗ್ರಾಂ) ದುಂಡು ಮೂತಿಯ ಸೀಸದ ಗುಂಡು, ಸ್ಟ್ಯಾಂಡರ್ಡ್ ವೇಗದ್ದು. 2024ರಲ್ಲಿ ಪ್ಯಾರಿಸ್‌ನಲ್ಲಿ ಸ್ವಪ್ನಿಲ್ ಕುಸಾಳೆ ಒಲಿಂಪಿಕ್ಸ್‌ನ 50 ಮೀಟರ್ ತ್ರೀ ಪೊಸಿಷನ್‌ನಲ್ಲಿ (ಮಂಡಿಯೂರಿ, ಮಲಗಿ, ನಿಂತು ಹೊಡೆಯುವ ಆಟ) ಕಂಚು ಗೆದ್ದರಲ್ಲ, ಆ ಆಟವೂ ಇದೇ ಪಾಯಿಂಟ್ 22 ಎಲ್‌ಆರ್ (ಲಾಂಗ್ ರೈಫಲ್) ಗುಂಡಿನದೇ. ಪೇಪರ್‌ಗೆ ಹಾಲೋ ಪಾಯಿಂಟ್ ಬೇಡವೇ ಬೇಡ.

ಇನ್ನು ಬೆಲೆಯ ವಿಷಯ. ಮ್ಯಾಚ್ ಗುಂಡಿಗೆ ನಾವು ದುಡ್ಡು ಕೊಡುವುದು ಮುಖ್ಯವಾಗಿ ಒಂದೇ ಗುಣಕ್ಕೆ: ಗುಂಡಿನಿಂದ ಗುಂಡಿಗೆ ವೇಗ ಬದಲಾಗಬಾರದು. ಲೆಕ್ಕ ನೋಡಿ. ಎರಡು ಗುಂಡುಗಳ ವೇಗದಲ್ಲಿ ಸೆಕೆಂಡಿಗೆ 10 ಮೀಟರ್ ವ್ಯತ್ಯಾಸ ಇದ್ದರೆ 50 ಮೀಟರ್‌ನಲ್ಲಿ ಒಂದು ಇನ್ನೊಂದಕ್ಕಿಂತ 7-8 ಮಿಲಿಮೀಟರ್ ಕೆಳಗೆ ಬೀಳುತ್ತದೆ. 50 ಮೀಟರ್ ಟಾರ್ಗೆಟ್‌ನ ಹತ್ತರ ವೃತ್ತದ ಅಗಲ ಬರೀ 10.4 ಮಿಲಿಮೀಟರ್. ನೀವು ಉಸಿರು ಹಿಡಿದು, ಟ್ರಿಗರ್ ಸರಿಯಾಗಿ ಒತ್ತಿ, ಎಲ್ಲ ಸರಿ ಮಾಡಿದರೂ ಗುಂಡೇ ಅಷ್ಟು ಜಾಗ ತಿಂದುಬಿಟ್ಟರೆ ನಿಮಗೆ ಉಳಿಯುವುದೇನು? ಗ್ರೂಪ್, ಅಂದರೆ ಒಂದೇ ಗುರಿಗೆ ಹೊಡೆದ ಗುಂಡುಗಳ ಗುಂಪು, ಮೇಲೆ ಕೆಳಗೆ ಉದ್ದಕ್ಕೆ ಹರಡಿದ್ದರೆ ಮೊದಲ ಅನುಮಾನ ಗುಂಡಿನ ಮೇಲೆ. ಅಡ್ಡಕ್ಕೆ ಹರಡಿದ್ದರೆ ಗಾಳಿ ಅಥವಾ ಟ್ರಿಗರ್ ಬೆರಳು.

ಲಾಟ್_ನಂಬರ್

ಮೇಲಿನವರು ಹೇಳಿದ್ದು ಸರಿ. ನಾನು ಒಂದು ಮಾತು ಸೇರಿಸುತ್ತೇನೆ, ಇದನ್ನು ಎಷ್ಟು ಸಲ ಹೇಳಿದರೂ ಹೊಸಬರು ಕೇಳುವುದಿಲ್ಲ: ಬ್ರ್ಯಾಂಡ್ ಆರಿಸಬೇಡಿ, ಲಾಟ್ ಆರಿಸಿ.

ಲಾಟ್ ಅಂದರೆ ಒಂದು ಸಲಕ್ಕೆ ಒಟ್ಟಿಗೆ ತಯಾರಾದ ಗುಂಡುಗಳ ತಂಡ, ಬಾಕ್ಸ್ ಮೇಲೆ ಲಾಟ್ ನಂಬರ್ ಇರುತ್ತದೆ. ಒಂದೇ ಹೆಸರಿನ, ಒಂದೇ ಬೆಲೆಯ ಗುಂಡು, ಲಾಟ್ ಬದಲಾದರೆ ನಿಮ್ಮ ರೈಫಲ್‌ನಲ್ಲಿ ಬೇರೆಯೇ ಗುಂಡಿನ ಹಾಗೆ ನಡೆದುಕೊಳ್ಳಬಹುದು. ಲಾಪುವಾ ಕಂಪನಿಯವರ ಸೆಂಟರ್ ಎಕ್ಸ್, ಮಿಡಾಸ್ ಪ್ಲಸ್, ಎಕ್ಸ್ ಆಕ್ಟ್ ಇವೆಲ್ಲ ಮೂಲದಲ್ಲಿ ಒಂದೇ ಥರದ ಗುಂಡು, ತಯಾರಾದ ಮೇಲೆ ಹೊಡೆದು ನೋಡಿ ದರ್ಜೆ ಹಾಕುತ್ತಾರೆ. ಇಂಗ್ಲೆಂಡಿನ ಎಲೀ ಕಂಪನಿ, ಜರ್ಮನಿಯಲ್ಲಿ ಲಾಪುವಾ ಇವರೆಲ್ಲ ಶೂಟರ್‌ಗಳು ತಮ್ಮದೇ ರೈಫಲ್ ತಂದು ಬೇರೆ ಬೇರೆ ಲಾಟ್ ಹೊಡೆದು ನೋಡಲು ಟೆಸ್ಟ್ ರೇಂಜ್ ಇಟ್ಟಿದ್ದಾರೆ ಅಂದ ಮೇಲೆ ಇದು ಸುಮ್ನೆ ಮಾತಲ್ಲ ಅಲ್ವಾ. ದೊಡ್ಡ ಶೂಟರ್‌ಗಳು ತಮ್ಮ ಬ್ಯಾರೆಲ್‌ಗೆ ಹೊಂದುವ ಲಾಟ್ ಸಿಕ್ಕಿದರೆ ಒಂದೇ ಸಲ ವರ್ಷಕ್ಕಾಗುವಷ್ಟು ತೆಗೆದಿಡುತ್ತಾರೆ. ನಮಗೆ ಲೈಸೆನ್ಸ್‌ನಲ್ಲಿ ಬರೆದಷ್ಟೇ ಕೊಳ್ಳಲು ಆಗುವುದು. ಆದ್ದರಿಂದಲೇ ಪರೀಕ್ಷೆಗೆ ಒಂದೊಂದು ಬಾಕ್ಸ್ ಸಾಕು, ಉಳಿದ ಕೋಟಾವನ್ನು ಗೆದ್ದ ಲಾಟ್‌ಗೆ ಇಟ್ಟುಕೊಳ್ಳಿ.

ಪರೀಕ್ಷೆ ಮಾಡುವ ಕ್ರಮವೂ ಮುಖ್ಯ. ಐದು ಗುಂಡಿನ ಒಂದು ಗ್ರೂಪ್ ನೋಡಿ ತೀರ್ಮಾನ ಮಾಡಿದರೆ ಅದು ತೀರ್ಮಾನವೇ ಅಲ್ಲ. ಅದೇ ರೈಫಲ್, ಅದೇ ಬಾಕ್ಸ್, ಏನೂ ಬದಲಾಗದೆ ಒಂದು ಗ್ರೂಪ್ ಇನ್ನೊಂದರ ಎರಡರಷ್ಟು ದೊಡ್ಡದಾಗಿ ಬರುವುದು ಮಾಮೂಲು. ನಿಮ್ಮ ಪ್ರಶ್ನೆಯಲ್ಲಿ ನಾಣ್ಯ, ಅಂಗೈ ಅಂದಿರಲ್ಲ, ಅದರಲ್ಲಿ ಒಂದು ಪಾಲು ಬರೀ ಅದೃಷ್ಟವೇ ಇರಬಹುದು. ಬೆಂಚ್ ಮೇಲೆ ಮರಳು ಚೀಲ ಇಟ್ಟು, ಗಾಳಿ ಇಲ್ಲದ ಬೆಳಗ್ಗೆ, ಒಂದೊಂದು ಲಾಟ್‌ನಲ್ಲಿ ಹತ್ತು ಗುಂಡಿನ ನಾಲ್ಕು ಗ್ರೂಪ್ ಹೊಡೆಯಿರಿ. ಚಿಕ್ಕ ಗ್ರೂಪ್ ನೋಡಿ ಖುಷಿ ಪಡಬೇಡಿ, ಅತಿ ದೊಡ್ಡದು ಎಷ್ಟಿದೆ ನೋಡಿ. ಮ್ಯಾಚ್‌ನಲ್ಲಿ ನಿಮ್ಮ ಅಂಕ ಕೆಡಿಸುವುದು ಆ ದೊಡ್ಡದೇ.

ಮತ್ತೊಂದು. ಒಂದು ಬ್ರ್ಯಾಂಡ್‌ನಿಂದ ಇನ್ನೊಂದಕ್ಕೆ ಹೋದಾಗ ಮೊದಲ ಹತ್ತು ಹದಿನೈದು ಗುಂಡು ಲೆಕ್ಕಕ್ಕೆ ಹಿಡಿಯಬೇಡಿ. ಪ್ರತಿ ಕಂಪನಿಯ ಗುಂಡಿನ ಮೇಲಿನ ಮೇಣ ಬೇರೆ ಬೇರೆ, ಹೊಸ ಮೇಣ ಬ್ಯಾರೆಲ್‌ನಲ್ಲಿ ಕೂರುವ ತನಕ ಗುಂಡು ಅಲ್ಲಿ ಇಲ್ಲಿ ಬೀಳುತ್ತದೆ. ಇದು ಗೊತ್ತಿಲ್ಲದೆ ಎಷ್ಟೋ ಜನ ಒಳ್ಳೆಯ ಗುಂಡನ್ನು ಕೆಟ್ಟದ್ದು ಅಂತ ಪಕ್ಕಕ್ಕೆ ಇಡುತ್ತಾರೆ.

ಕಾಫಿತೋಟ_ವಿರಾಜಪೇಟೆ

ತುಂಬಾ ಉಪಕಾರ ಆಯ್ತು ಸರ್. ಹತ್ತು ಹತ್ತು ಹೊಡೆದೇ ನೋಡುತ್ತೇನೆ. ಆದರೆ ತೆಂಗಿನಕಾಯಿಗೂ ಇದೇ ಲೆಕ್ಕವಾ? ಅಲ್ಲಿ ಹತ್ತು ಗುಂಡು ಹೊಡೆಯಲು ಯಾರು ಬಿಡುತ್ತಾರೆ? ಮತ್ತೆ ಕೆಲವರು ಗುಂಡನ್ನು ತೂಕ ಹಾಕಿ, ತಳದ ಅಂಚಿನ ದಪ್ಪ ಅಳೆದು ಬೇರೆ ಮಾಡುತ್ತಾರಂತೆ. ಮಾಡಬೇಕಾ?

ನಾಪೋಕ್ಲು_ಕೋವಿ

ತೆಂಗಿನಕಾಯಿಗೆ ಲೆಕ್ಕ ಬೇರೆ. ಸುಲಿದ ಕಾಯಿಯೂ ಹತ್ತು ಸೆಂಟಿಮೀಟರ್ ಸುಮಾರು ಅಗಲ ಇರುತ್ತದೆ, ಮೂವತ್ತು ನಲವತ್ತು ಮೀಟರ್‌ಗೆ ಸ್ಟ್ಯಾಂಡರ್ಡ್ ವೆಲಾಸಿಟಿಯ ಯಾವ ಸುಮಾರಾದ ಗುಂಡೂ ಅದರೊಳಗೇ ಬೀಳುತ್ತದೆ. ದುಬಾರಿ ಮ್ಯಾಚ್ ಗುಂಡನ್ನು ಕಾಯಿಗೆ ಸುಡುವುದು ವ್ಯರ್ಥ. ಅಲ್ಲಿ ಗೆಲ್ಲಿಸುವುದು ಮೊದಲ ಗುಂಡು.

ನಾವೆಲ್ಲ ಏನು ಮಾಡುತ್ತೇವೆ? ಕೋವಿಗೆ ಪೂಜೆ ಇದೆ ಅಂತ ಹಿಂದಿನ ದಿನ ಚೆನ್ನಾಗಿ ಎಣ್ಣೆ ಹಾಕಿ, ಬ್ಯಾರೆಲ್ ಹೊಳೆಯುವ ಹಾಗೆ ಒರೆಸಿ ಇಡುತ್ತೇವೆ. ಮರುದಿನ ಮೈದಾನಕ್ಕೆ ಹೋಗಿ ಆ ತಣ್ಣಗಿನ, ಎಣ್ಣೆ ಇರುವ ಬ್ಯಾರೆಲ್‌ನಿಂದ ಒಂದೇ ಗುಂಡು. ಅದು ಗ್ರೂಪ್ ಬೀಳುವ ಜಾಗಕ್ಕೆ ಬೀಳುವುದಿಲ್ಲ, ಬೇರೆ ಕಡೆ ಹೋಗುತ್ತದೆ. ಪೂಜೆಗೆ ಹೊರಗಡೆ ಎಷ್ಟು ಬೇಕಾದರೂ ಹೊಳೆಯಲಿ. ಒಳಗಿನ ಎಣ್ಣೆಯನ್ನು ಒಣ ಬಟ್ಟೆಯಿಂದ ಪೂರ್ತಿ ತೆಗೆಯಿರಿ, ರೇಂಜ್‌ನಲ್ಲಿ ಅವಕಾಶ ಇದ್ದರೆ ಕೆಲವು ಗುಂಡು ಹೊಡೆದು ಆಮೇಲೆ ಬ್ಯಾರೆಲ್ ಮುಟ್ಟದೆ ಹಾಗೇ ತೆಗೆದುಕೊಂಡು ಹೋಗಿ. ಅಭ್ಯಾಸವೂ ಹಾಗೇ ಇರಲಿ: ಬೇರೆ ಬೇರೆ ದಿನ, ತಣ್ಣಗಿನ ಬ್ಯಾರೆಲ್‌ನಿಂದ ಒಂದೊಂದೇ ಗುಂಡು, ಎಲ್ಲ ಒಂದೇ ಪೇಪರ್ ಮೇಲೆ. ಆ ಪೇಪರ್ ಏನು ತೋರಿಸುತ್ತದೋ ಅದೇ ನಿಮ್ಮ ತೆಂಗಿನಕಾಯಿ ಲೆಕ್ಕ.

ಗುಂಡು ಬದಲಾಯಿಸಿದರೆ ಸ್ಕೋಪ್ ಮತ್ತೆ ಕೂರಿಸಲೇಬೇಕು. ಹೈ ವೆಲಾಸಿಟಿಗೆ ಕೂರಿಸಿದ ಸ್ಕೋಪ್‌ನಲ್ಲಿ ಸ್ಟ್ಯಾಂಡರ್ಡ್ ಹೊಡೆದರೆ 50 ಮೀಟರ್‌ನಲ್ಲಿ ಮೂರು ಸೆಂಟಿಮೀಟರ್ ಹತ್ತಿರ ಕೆಳಗೆ ಬೀಳುತ್ತದೆ. 50ಕ್ಕೆ ಕೂರಿಸಿ 30 ಮೀಟರ್‌ನ ಕಾಯಿಗೆ ಹೊಡೆದರೆ ಒಂದೂವರೆ ಸೆಂಟಿಮೀಟರ್ ಮೇಲೆ. ಕಾಯಿಯ ನಡುವಿಗೇ ಗುರಿ ಇಟ್ಟರೆ ಸಾಕು. ಕೆಲವು ಊರಲ್ಲಿ ಕೋವಿ, ಗುಂಡು ಎರಡೂ ಆಯೋಜಕರದ್ದೇ ಇರುತ್ತದೆ, ಮೊದಲೇ ಕೇಳಿಕೊಳ್ಳಿ.

ಆಮೇಲೆ ಕಾಯಿಯ ಹಿಂದೆ ಏನಿದೆ ನೋಡಿ. ಪಾಯಿಂಟ್ 22 ಗುಂಡು ಒಂದು ಮೈಲಿಗೂ ಜಾಸ್ತಿ ಹೋಗಬಲ್ಲದು. ಮಣ್ಣಿನ ದಿಬ್ಬ ಇಲ್ಲದ ಮೈದಾನದಲ್ಲಿ ಸ್ಪರ್ಧೆ ಇಟ್ಟಿದ್ದರೆ ಬಹುಮಾನ ಎಷ್ಟೇ ಇರಲಿ, ಹೊಡೆಯಬೇಡಿ, ಆಯೋಜಕರಿಗೂ ಹೇಳಿ.

ಲಾಟ್_ನಂಬರ್

ತೂಕ, ಅಂಚಿನ ದಪ್ಪ: ಅಗ್ಗದ ಗುಂಡಿನಲ್ಲಿ ತೀರಾ ಬೇರೆ ಇರುವ ಒಂದೆರಡನ್ನು ತೆಗೆಯಲು ಅನುಕೂಲ ಆಗಬಹುದು. ಆದರೆ ಈ ಗುಂಡಿನಲ್ಲಿ ಸಿಡಿಯುವ ಮದ್ದು ಅಂಚಿನ ಒಳಗೇ ಇರುತ್ತದೆ, ಅದು ಪ್ರತಿ ಗುಂಡಿನಲ್ಲೂ ಸಮ ಇದೆಯಾ ಅಂತ ಯಾವ ತಕ್ಕಡಿಯೂ ಹೇಳುವುದಿಲ್ಲ. ಅಳೆಯುವ ಸಂಜೆಗಳನ್ನು ಪ್ರೋನ್ ಅಭ್ಯಾಸಕ್ಕೆ ಕೊಡಿ, ಅಂಕ ಅಲ್ಲಿ ಜಾಸ್ತಿ ಏರುತ್ತದೆ.

ನನ್ನ ಸಲಹೆ ಕೇಳಿದರೆ ಎಸ್‌ಕೆ ಸ್ಟ್ಯಾಂಡರ್ಡ್ ಪ್ಲಸ್, ಎಲೀ ಕ್ಲಬ್, ಸಿಸಿಐ ಸ್ಟ್ಯಾಂಡರ್ಡ್ ಈ ಮಟ್ಟದಲ್ಲಿ ನಿಮ್ಮ ಅಂಗಡಿಯಲ್ಲಿ ಯಾವುದು ಸಿಗುತ್ತದೋ ಅದರಿಂದ ಶುರು ಮಾಡಿ. ಹಳೆಯ ಬೇಟೆ ರೈಫಲ್‌ನ ಚೇಂಬರ್ (ಗುಂಡು ಕೂರುವ ಜಾಗ) ಸ್ವಲ್ಪ ಸಡಿಲ ಇರುತ್ತದೆ. ಅದರಲ್ಲಿ ಎಲೀಯವರ ದುಬಾರಿ ಮ್ಯಾಚ್ ಗುಂಡು ಟೆನೆಕ್ಸ್ ಹೊಡೆದರೂ ಅದರ ಪೂರ್ತಿ ಗುಣ ಹೊರಗೆ ಬರುವುದು ಕಷ್ಟ. ಮೊದಲು ಸ್ಟಾಕ್‌ನ ಸ್ಕ್ರೂ, ಸ್ಕೋಪ್ ಮೌಂಟ್ ಬಿಗಿ ಇದೆಯಾ ನೋಡಿ. ಒಂದು ದಿನ ಚೆನ್ನಾಗಿ, ಒಂದು ದಿನ ಕೆಟ್ಟದಾಗಿ ಬೀಳುವ ರೈಫಲ್‌ನಲ್ಲಿ ಎಷ್ಟೋ ಸಲ ತಪ್ಪು ಅಲ್ಲೇ ಸಿಗುತ್ತದೆ, ಗುಂಡಿಗೆ ಸುಮ್ನೆ ಕೆಟ್ಟ ಹೆಸರು.

ಕಾಫಿತೋಟ_ವಿರಾಜಪೇಟೆ

ಸ್ಕ್ರೂ ಇವತ್ತೇ ನೋಡುತ್ತೇನೆ. ಕೊನೆಯದಾಗಿ ಒಂದು. ಅಪ್ಪ ಇಟ್ಟಿದ್ದ ಹಳೆಯ ಎರಡು ಬಾಕ್ಸ್ ಬೀರುವಿನಲ್ಲಿ ಹಾಗೇ ಇವೆ. ಅಭ್ಯಾಸಕ್ಕೆ ಬಳಸಬಹುದಾ?

ನಾಪೋಕ್ಲು_ಕೋವಿ

ಲೈಸೆನ್ಸ್ ಲೆಕ್ಕದಲ್ಲಿ ಸರಿಯಾಗಿ ಇದ್ದರೆ ಮೊದಲು ಒಂದೊಂದಾಗಿ ತೆಗೆದು ನೋಡಿ. ಹಿತ್ತಾಳೆಗೆ ಹಸಿರು ಹಿಡಿದಿದ್ದರೆ, ಬಿರುಕು ಬಿಟ್ಟಿದ್ದರೆ, ಗುಂಡು ಅಲ್ಲಾಡುತ್ತಿದ್ದರೆ ಹೊಡೆಯಲೇಬೇಡಿ, ಲೈಸೆನ್ಸ್ ಇರುವ ಅಂಗಡಿಯವರನ್ನೇ ಕೇಳಿ ವಿಲೇವಾರಿ ಮಾಡಿ. ನಮ್ಮ ಕಡೆಯ ಮಳೆಗಾಲದ ತೇವ ಬೀರುವಿನೊಳಕ್ಕೂ ಹೋಗುತ್ತದೆ. ಚೆನ್ನಾಗಿ ಕಂಡರೂ ಮೇಣ ಒಣಗಿರುತ್ತದೆ, ವೇಗ ಒಂದೇ ಥರ ಬರುವುದಿಲ್ಲ, ಆದ್ದರಿಂದ ಸ್ಪರ್ಧೆಗೆ ಬೇಡ, ಸ್ಕೋಪ್ ಕೂರಿಸಲೂ ಬೇಡ. ಟ್ರಿಗರ್ ಒತ್ತಿದ ಮೇಲೆ ಸಿಡಿಯದಿದ್ದರೆ ಕೂಡಲೇ ಬೋಲ್ಟ್ ತೆಗೆಯಬೇಡಿ. ಮೂತಿಯನ್ನು ಟಾರ್ಗೆಟ್ ಕಡೆಗೇ ಹಿಡಿದು ಒಂದು ನಿಮಿಷ ಕಾಯಿರಿ, ಕೆಲವೊಮ್ಮೆ ತಡವಾಗಿ ಸಿಡಿಯುತ್ತದೆ. ಶಬ್ದ ಸಣ್ಣಗೆ ಬಂದರೂ ನಿಲ್ಲಿಸಿ, ಬೋಲ್ಟ್ ತೆಗೆದು ಬ್ಯಾರೆಲ್‌ನಲ್ಲಿ ಗುಂಡು ಸಿಕ್ಕಿಕೊಂಡಿಲ್ಲ ಅಂತ ನೋಡಿದ ಮೇಲೆಯೇ ಮುಂದಿನದು.